ಹಳೆಯ ಕಾರು ನೀರು ಉಗುಳುತ್ತಿದೆಯೇ? ಹೆಡ್ ಬಿಚ್ಚಿಸುವ ಮೊದಲು ಒತ್ತಡವನ್ನು ಪರೀಕ್ಷಿಸಿ

ಹಳೆಯ ಕಾರು ಘಾಟಿ ಹತ್ತುವಾಗ ಬಿಸಿಯಾಗಿ ನೀರು ಉಗುಳಿತು ಎಂದರೆ ಗ್ಯಾರೇಜಿನಲ್ಲಿ ಎರಡರಲ್ಲೊಂದು ಉತ್ತರ ಸಿದ್ಧವಾಗಿರುತ್ತದೆ: ರೇಡಿಯೇಟರ್ ಬದಲಿಸಿ, ಇಲ್ಲವೇ ಹೆಡ್ (ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಇಂಜಿನ್ ಭಾಗ) ಬಿಚ್ಚಬೇಕು. ಎರಡೂ ಜೇಬಿಗೆ ಭಾರ. ದೋಷ ಮಾತ್ರ ಎಷ್ಟೋ ಸಲ ಕೆಲವು ನೂರು ರೂಪಾಯಿಯ ರೇಡಿಯೇಟರ್ ಕ್ಯಾಪಿನಲ್ಲೋ ಕಿರುಬೆರಳ ದಪ್ಪದ ರಬ್ಬರ್ ಪೈಪಿನಲ್ಲೋ ಇರುತ್ತದೆ. ಇದರ ವಿರುದ್ಧ ದಿಕ್ಕಿನ ನಷ್ಟವೂ ಉಂಟು. ಹೆಡ್ ಗ್ಯಾಸ್ಕೆಟ್ (ಹೆಡ್ಡಿನ ಕೆಳಗಿನ ಸೀಲ್) ಹೋಗಿರುವ ಕಾರಿಗೆ ಕ್ಯಾಪಿನ ಮೇಲೆ ಕ್ಯಾಪ್ ಹಾಕಿಸಿ, ದಿನವೂ ನೀರು ತುಂಬಿಸಿ ಓಡಿಸಿ, ಕೊನೆಗೆ ಹೆಡ್ಡನ್ನೇ ಕಳೆದುಕೊಂಡವರಿದ್ದಾರೆ.

ಬಿಡಿಭಾಗ ಕೊಳ್ಳುವ ಮೊದಲು ನಾಲ್ಕು ವಿಷಯ ತಿಳಿಯಬೇಕು. ಇಂಜಿನ್ ತಣಿಸುವ ನೀರಿನಲ್ಲಿ ಒತ್ತಡ ಕಟ್ಟುತ್ತಿದೆಯೇ? ಕಟ್ಟಿದ್ದು ನಿಲ್ಲುತ್ತಿದೆಯೇ? ಇಂಜಿನ್ ಶುರುವಾದ ಎಷ್ಟು ಹೊತ್ತಿಗೆ ಕಟ್ಟುತ್ತಿದೆ? ತಣಿದ ಮೇಲೆ ಹೊರಗೆ ಹೋದ ನೀರು ವಾಪಸು ಬರುತ್ತಿದೆಯೇ? ಬಿಸಿಯಾಗುವ ಕಾರುಗಳ ಬಗ್ಗೆ ನನ್ನ ಬಳಿ ಸಲಹೆ ಕೇಳುವವರಿಗೆಲ್ಲ ನಾನು ಮೊದಲು ಕೇಳುವುದು ಈ ಪ್ರಶ್ನೆಗಳನ್ನೇ. ಮೂರನೆಯದಕ್ಕೆ ಸಿಗುವ ಉತ್ತರವೇ ಹೆಚ್ಚಿನ ಸಲ ದಾರಿ ತೋರಿಸುತ್ತದೆ.

ಮಾದರಿಗಾಗಿ ಮಾರುತಿ 800 ಕಾರನ್ನು ಇಟ್ಟುಕೊಳ್ಳೋಣ. 1983ರಿಂದ 2014ರವರೆಗೆ ತಯಾರಾದ, 796 ಸಿಸಿಯ ಮೂರು ಸಿಲಿಂಡರ್ ಕಾರು ಇದು. ನಮ್ಮ ಊರುಗಳಲ್ಲಿ ಇಂದಿಗೂ ಓಡುತ್ತಿದೆ, ಬಾನೆಟ್ ಎತ್ತಿದರೆ ರೇಡಿಯೇಟರ್, ಹೋಸ್, ಪಂಪ್ ಹೆಚ್ಚು ಕಡಿಮೆ ಎಲ್ಲವೂ ಕಣ್ಣಿಗೆ ಕಾಣುತ್ತವೆ. ಅದೇ ಕಾಲದ ಜೆನ್, ಎಸ್ಟೀಮ್‌ಗಳಿಗೂ ಇದೇ ಕ್ರಮ ಒಪ್ಪುತ್ತದೆ. ಫೋರ್ಡ್ ಐಕಾನ್‌ನಂಥ ಕಾರುಗಳಲ್ಲಿ ಒತ್ತಡದ ಕ್ಯಾಪ್ ರೇಡಿಯೇಟರ್ ಮೇಲಿರದೆ ಪ್ಲಾಸ್ಟಿಕ್ ಟ್ಯಾಂಕಿನ ಮೇಲೇ ಇರುತ್ತದೆ. ಅಂಥ ಕಾರಿನವರು ರಿಸರ್ವ್ ಟ್ಯಾಂಕಿನ ಬಗ್ಗೆ ಮುಂದೆ ಹೇಳುವ ಮಾತನ್ನು ಬಿಟ್ಟು ಉಳಿದದ್ದನ್ನು ಓದಿಕೊಳ್ಳಬಹುದು.

ಕ್ಯಾಪಿನ ಮೇಲಿನ ಅಂಕಿ

ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97 ಡಿಗ್ರಿಯ ಆಸುಪಾಸಿಗೇ ಕುದಿ ಬರುತ್ತದೆ. ಬಿಸಿ ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವಾದ ಥರ್ಮೋಸ್ಟಾಟ್ ತೆರೆಯುವುದೇ 82 ಅಥವಾ 88 ಡಿಗ್ರಿಗೆ, ಏರು ರಸ್ತೆಯಲ್ಲಿ ಇಂಜಿನ್ ಕೂಲೆಂಟ್ (ಇಂಜಿನ್ ತಣಿಸುವ ದ್ರವ) 100 ಡಿಗ್ರಿ ಮುಟ್ಟುವುದು ದೊಡ್ಡ ಸಂಗತಿಯಲ್ಲ. ಹಾಗಿದ್ದೂ ಕುದಿಯದಿರಲು ಕಾರಣ ಒತ್ತಡ. ಕ್ಯಾಪಿನ ಮೇಲೆ 0.9 ಅಥವಾ 1.1 ಎಂದು ಅಚ್ಚೊತ್ತಿರುತ್ತದೆ. ಪ್ರತಿ ಚದರ ಸೆಂಟಿಮೀಟರಿಗೆ ಅಷ್ಟು ಕಿಲೋಗ್ರಾಂ ಒತ್ತಡ ಬರುವವರೆಗೆ ಕ್ಯಾಪ್ ತಡೆಹಿಡಿಯುತ್ತದೆ ಎಂದು ಅರ್ಥ. ಕೆಲವು ಕ್ಯಾಪ್‌ಗಳಲ್ಲಿ ಇದನ್ನೇ ಕಿಲೋಪಾಸ್ಕಲ್‌ನಲ್ಲಿ 88, 108 ಎಂದು ಬರೆದಿರುತ್ತಾರೆ. 0.9 ಒತ್ತಡದಲ್ಲಿ ಬರೀ ನೀರೇ ಸುಮಾರು 118 ಡಿಗ್ರಿಯವರೆಗೆ ಕುದಿಯದೆ ನಿಲ್ಲುತ್ತದೆ. ಅರ್ಧಕ್ಕರ್ಧ ಕೂಲೆಂಟ್ ಬೆರೆಸಿದ್ದರೆ ಇನ್ನೂ ಮೇಲೆ.

ಆದ್ದರಿಂದ ಒತ್ತಡ ಸೋರಿಹೋಗುವ ಕಾರು, ರೇಡಿಯೇಟರ್ ಹೊಸದಾಗಿದ್ದರೂ, ಚಾರ್ಮಾಡಿಯ ತಿರುವುಗಳಲ್ಲಿ ಕುದಿಯುತ್ತದೆ. ರೇಡಿಯೇಟರಿಗೇ ದೋಷ ಹೊರಿಸುವ ಮೊದಲು ಇದನ್ನು ನೆನಪಿಡಿ.

ಕೈ ಹಾಕುವ ಮೊದಲು

ಬಿಸಿ ಇಂಜಿನ್ನಿನ ಕ್ಯಾಪನ್ನು ಯಾವ ಕಾರಣಕ್ಕೂ ತೆರೆಯಬೇಡಿ. ದಪ್ಪ ಬಟ್ಟೆ ಹಾಕಿ ಸ್ವಲ್ಪವೇ ತಿರುಗಿಸುತ್ತೇನೆ ಎಂಬ ಧೈರ್ಯವೂ ಬೇಡ. ಒತ್ತಡ ಇಳಿದ ಕ್ಷಣವೇ 110 ಡಿಗ್ರಿಯ ನೀರು ಹಬೆಯಾಗಿ ಚಿಮ್ಮುತ್ತದೆ, ಮುಖ ಮತ್ತು ಮುಂಗೈ ಸುಟ್ಟುಹೋಗುತ್ತವೆ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ತೆರೆಯುವುದು ಎಲ್ಲಕ್ಕಿಂತ ಸರಿ. ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ವಿದ್ಯುತ್ ಫ್ಯಾನ್ ತಾನಾಗಿ ತಿರುಗಬಹುದು, ಬೆರಳು ದೂರವಿರಲಿ. ಕೂಲೆಂಟ್ ರುಚಿಯಲ್ಲಿ ಸಿಹಿ, ಆದರೆ ವಿಷ. ಬಸಿದದ್ದನ್ನು ಬಾಣಲೆಯಲ್ಲೋ ಬಕೆಟ್ಟಿನಲ್ಲೋ ತೆರೆದಿಟ್ಟರೆ ನಾಯಿ, ದನ, ಮಕ್ಕಳಿಗೆ ಅಪಾಯ. ಮುಚ್ಚಳವಿರುವ ಕ್ಯಾನಿಗೆ ಸುರಿದಿಡಿ.

ಬೆಳಗಿನ ತಣ್ಣನೆಯ ಪರೀಕ್ಷೆ

ಕಾರು ಪೂರ್ತಿ ತಣಿದಿರುವಾಗ ಬಾನೆಟ್ ಎತ್ತಿ. ರಿಸರ್ವ್ ಟ್ಯಾಂಕಿನ ಮಟ್ಟ ‘ಲೋ’ ಮತ್ತು ‘ಫುಲ್’ ಗೆರೆಗಳ ನಡುವೆ ಇದೆಯೇ ನೋಡಿ. ಅಷ್ಟಕ್ಕೇ ತೃಪ್ತರಾಗಬೇಡಿ. ರೇಡಿಯೇಟರ್ ಕ್ಯಾಪ್ ತೆರೆದು ಒಳಗೂ ನೋಡಿ. ಅಲ್ಲಿ ಕೂಲೆಂಟ್ ಕತ್ತಿನವರೆಗೆ ತುಂಬಿರಬೇಕು.

ರಿಸರ್ವ್ ಟ್ಯಾಂಕ್ ತುಂಬಿದ್ದು ರೇಡಿಯೇಟರ್ ಮಾತ್ರ ಬರಿದಾಗಿದ್ದರೆ ಅರ್ಧ ಉತ್ತರ ಸಿಕ್ಕಿತೆಂದೇ ತಿಳಿಯಿರಿ. ಕೂಲೆಂಟ್ ಬಿಸಿಯಾಗಿ ಹಿಗ್ಗಿದಾಗ ಹೆಚ್ಚುವರಿ ನೀರು ಕ್ಯಾಪಿನ ಮೂಲಕ ಟ್ಯಾಂಕಿಗೆ ಹೋಗುತ್ತದೆ, ತಣಿದು ಕುಗ್ಗಿದಾಗ ರೇಡಿಯೇಟರ್ ಅದನ್ನು ಮರಳಿ ಹೀರಿಕೊಳ್ಳುತ್ತದೆ. ಹೋದದ್ದು ಮರಳಿಲ್ಲ ಎಂದರೆ ಕಾರಣ ಇಷ್ಟರಲ್ಲೇ ಇರುತ್ತದೆ: ಕ್ಯಾಪಿನ ಕೆಳಗಿನ ಪುಟ್ಟ ನಿರ್ವಾತ ವಾಲ್ವ್ ಅಂಟಿಕೊಂಡಿದೆ, ರಿಸರ್ವ್ ಪೈಪ್ ಎಲ್ಲೋ ಸೀಳಿದೆ, ಇಲ್ಲವೇ ಟ್ಯಾಂಕಿನೊಳಗೆ ಪೈಪಿನ ತುದಿ ನೀರಿನಲ್ಲಿ ಮುಳುಗಿಲ್ಲ. ಸೀಳಿದ ಪೈಪಿನದು ವಿಚಿತ್ರ ನಡವಳಿಕೆ. ಒತ್ತಡವಿರುವಾಗ ನೀರನ್ನು ಟ್ಯಾಂಕಿಗೆ ತಳ್ಳಲು ಅದಕ್ಕೆ ಅಡ್ಡಿಯಿಲ್ಲ, ಹೀರುವಾಗ ಮಾತ್ರ ನೀರಿಗೆ ಬದಲು ಗಾಳಿ ಎಳೆದುಕೊಳ್ಳುತ್ತದೆ. ದಿನದಿಂದ ದಿನಕ್ಕೆ ರೇಡಿಯೇಟರಿನಲ್ಲಿ ಗಾಳಿ ಸೇರುತ್ತಾ ಹೋಗುತ್ತದೆ, ಟ್ಯಾಂಕ್ ಹೊರಗಿನಿಂದ ತುಂಬಿಯೇ ಕಾಣುತ್ತದೆ. ಪರಿಚಯದವರೊಬ್ಬರ ಕಾರಿಗೆ ಇದೇ ದೋಷಕ್ಕಾಗಿ ರೇಡಿಯೇಟರ್ ಮತ್ತು ವಾಟರ್ ಪಂಪ್ ಎರಡನ್ನೂ ಬದಲಿಸಿದ್ದರು. ಕ್ಯಾಪಿನ ಕತ್ತಿನ ಬಳಿ ಪೈಪ್ ಬಾಗುವ ಜಾಗದಲ್ಲಿ, ಕ್ಲಿಪ್ಪಿನ ಕೆಳಗೆ, ಉಗುರಿನಷ್ಟು ಉದ್ದದ ಬಿರುಕು ಇತ್ತು. ಪೈಪನ್ನು ಬೆರಳಲ್ಲಿ ಮಡಿಸಿದಾಗ ಮಾತ್ರ ಅದು ಬಾಯಿ ಬಿಡುತ್ತಿತ್ತು. ನೀವೂ ಮಡಿಸಿ ನೋಡಿ, ಬರೀ ಕಣ್ಣಿಗೆ ಕಾಣುವುದಿಲ್ಲ.

ರೇಡಿಯೇಟರಿನ ಮೇಲಿನ ಹೋಸ್ ಬೆಳಿಗ್ಗೆ ಚಪ್ಪಟೆಯಾಗಿ ಒಳಗೆ ಸೇದಿಕೊಂಡಿದ್ದರೂ ಸೂಚನೆ ಇದೇ: ನಿರ್ವಾತ ವಾಲ್ವ್ ತೆರೆಯುತ್ತಿಲ್ಲ, ಅಥವಾ ಪೈಪ್ ಕಟ್ಟಿಕೊಂಡಿದೆ.

ಈಗ ಕ್ಯಾಪನ್ನು ಕೈಗೆತ್ತಿಕೊಳ್ಳಿ. ಕೆಳಗಿನ ರಬ್ಬರ್ ವಾಷರ್ ಮೆತ್ತಗಿರಬೇಕು. ಗಟ್ಟಿಯಾಗಿ, ಕತ್ತಿನ ಅಂಚಿನ ಅಚ್ಚು ಆಳವಾಗಿ ಬಿದ್ದಿದ್ದರೆ ಅದರ ಆಯುಷ್ಯ ಮುಗಿದಿದೆ. ಸ್ಪ್ರಿಂಗ್ ಒತ್ತಿದರೆ ಬಲವಾಗಿ ಹಿಂದಕ್ಕೆ ತಳ್ಳಬೇಕು. ನಡುವಿನ ಚಿಕ್ಕ ಬಿಲ್ಲೆಯನ್ನು ಉಗುರಿನಿಂದ ಎಳೆದು ಬಿಟ್ಟರೆ ತಾನಾಗಿ ಮುಚ್ಚಿಕೊಳ್ಳಬೇಕು. ಕ್ಯಾಪ್ ಕೂರುವ ರೇಡಿಯೇಟರ್ ಕತ್ತಿನ ಒಳ ಅಂಚನ್ನೂ ಬೆರಳಿನಿಂದ ಸವರಿ. ಬೋರ್‌ವೆಲ್ ನೀರು ಕುಡಿದ ಕಾರುಗಳಲ್ಲಿ ಅಲ್ಲಿ ಸುಣ್ಣದಂಥ ಬಿಳಿ ಪದರ ಕಟ್ಟಿರುತ್ತದೆ, ಅದರ ಮೇಲೆ ಹೊಸ ಕ್ಯಾಪ್ ಹಾಕಿದರೂ ಒತ್ತಡ ನಿಲ್ಲುವುದಿಲ್ಲ. ಒದ್ದೆ ಬಟ್ಟೆಯಿಂದ ತಿಕ್ಕಿ ತೆಗೆಯಿರಿ. ಚಾಕುವಿನಿಂದ ಕೆರೆಯಬೇಡಿ, ಗೀರು ಬಿದ್ದರೆ ಕತ್ತನ್ನೇ ಸರಿಪಡಿಸಬೇಕಾಗುತ್ತದೆ.

ಅನುಮಾನ ಬಂದರೆ ಕ್ಯಾಪ್ ಬದಲಿಸಿಯೇ ಮುಂದಿನ ಪರೀಕ್ಷೆಗೆ ಹೋಗುವುದು ಒಳ್ಳೆಯದು. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ, ಬೇರೆ ಊರುಗಳಲ್ಲಿ ಯಾವ ಬಿಡಿಭಾಗದ ಅಂಗಡಿಯಲ್ಲೂ ಸಿಗುತ್ತದೆ. ಹಳೆಯದರ ಮೇಲೆ ಇದ್ದ ಅಂಕಿಯದ್ದೇ ಆಗಬೇಕು, ಆ ಹಳೆಯದೂ ಸರಿಯಾದದ್ದೇ ಎಂದು ಕಾರಿನ ಕೈಪಿಡಿ ನೋಡಿ ಖಚಿತಪಡಿಸಿಕೊಳ್ಳಿ. ನೀರು ಉಗುಳುವುದನ್ನು ನಿಲ್ಲಿಸಲು ಹೆಚ್ಚು ಅಂಕಿಯ ಕ್ಯಾಪ್ ಹಾಕುವ ಚಾಳಿ ಕೆಲವು ಕಡೆ ಇದೆ. ಇಪ್ಪತ್ತು ವರ್ಷದ ಹೋಸು, ಹೀಟರ್ ಪೈಪು, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕು ಆ ಹೆಚ್ಚುವರಿ ಒತ್ತಡವನ್ನು ತಾಳಲಾರವು.

ಕೂಲೆಂಟಿನ ಬಣ್ಣವನ್ನೂ ಗಮನಿಸಿ. ತುಕ್ಕಿನ ಕೆಂಪಿದ್ದರೆ ಬರೀ ನೀರಿನಲ್ಲಿ ಓಡಿದ ಕಾರು. ಹಳದಿ ಕೆಸರು ಕಂಡರೆ ಹಿಂದಿನ ಮಾಲೀಕರನ್ನು ವಿಚಾರಿಸಿ: ಅರಿಶಿನ ಹಾಕಿದ್ದಿರಾ? ದಾರಿಯಲ್ಲಿ ರೇಡಿಯೇಟರ್ ಸೋರಿದಾಗ ಅರಿಶಿನ ಪುಡಿ ಸುರಿಯುವುದು ನಮ್ಮ ಚಾಲಕರ ಹಳೆಯ ಉಪಾಯ. ಸಣ್ಣ ತೂತಿಗೆ ಪುಡಿ ಸಿಕ್ಕಿಕೊಂಡು ಸೋರಿಕೆ ತಾತ್ಕಾಲಿಕವಾಗಿ ನಿಲ್ಲುವುದು ನಿಜ, ನಡುರಾತ್ರಿ ಘಾಟಿಯಲ್ಲಿ ಸಿಕ್ಕಿಬಿದ್ದವರನ್ನು ಅದು ಊರು ಮುಟ್ಟಿಸಿದೆ. ಆದರೆ ಯಾವುದು ತೂತು, ಯಾವುದು ರೇಡಿಯೇಟರಿನ ಸಣ್ಣ ನಾಳ ಎಂದು ಪುಡಿಗೆ ಗೊತ್ತಾಗುವುದಿಲ್ಲ. ನಾಳಗಳಲ್ಲಿ, ಹೀಟರ್ ಒಳಗೆ, ಕ್ಯಾಪಿನ ವಾಲ್ವಿನಡಿ ಅದು ಕೂತುಬಿಡುತ್ತದೆ. ಡಬ್ಬಿಯಲ್ಲಿ ಸಿಗುವ ಸೋರಿಕೆ ಮುಚ್ಚುವ ಪುಡಿಗಳದ್ದೂ ಇದೇ ಕಥೆ. ಹಾಕಿದ್ದರೆ ಪೂರ್ತಿ ತೊಳೆಸಿದ ಮೇಲೆಯೇ ಉಳಿದ ಪರೀಕ್ಷೆಗಳಿಗೆ ಅರ್ಥ ಬರುತ್ತದೆ.

ಒಂದು ನಿಮಿಷದ ಪರೀಕ್ಷೆ

ಕ್ಯಾಪ್ ಹಾಕಿ. ಮೇಲಿನ ಹೋಸನ್ನು ಒತ್ತಿ ನೋಡಿ, ಮೆತ್ತಗಿರಬೇಕು. ತಣ್ಣನೆಯ ಇಂಜಿನ್ ಶುರು ಮಾಡಿ, ಬೆಲ್ಟ್ ಮತ್ತು ಫ್ಯಾನಿನಿಂದ ಕೈಯನ್ನು ದೂರವಿಟ್ಟು, ಒಂದೆರಡು ನಿಮಿಷ ಮತ್ತೆ ಮತ್ತೆ ಒತ್ತುತ್ತಿರಿ.

ಹೋಸ್ ಇನ್ನೂ ತಣ್ಣಗಿರುವಾಗಲೇ ಕಲ್ಲಿನಂತೆ ಗಟ್ಟಿಯಾದರೆ ಆ ಒತ್ತಡ ಶಾಖದಿಂದ ಬಂದದ್ದಲ್ಲ. ಅಷ್ಟು ಬೇಗ ಕೂಲೆಂಟ್ ಹಿಗ್ಗಲು ಸಾಧ್ಯವೇ ಇಲ್ಲ. ಸಿಲಿಂಡರಿನಲ್ಲಿ ಉರಿದ ಅನಿಲ ಹೆಡ್ ಗ್ಯಾಸ್ಕೆಟ್ ದಾಟಿಕೊಂಡೋ ಹೆಡ್ಡಿನ ಬಿರುಕಿನ ಮೂಲಕವೋ ನೀರಿನ ದಾರಿಗೆ ನುಗ್ಗುತ್ತಿದೆ. ರಾತ್ರಿಯಿಡೀ ನಿಂತ ಕಾರಿನ ಕ್ಯಾಪ್ ತೆರೆದಾಗ ಬುಸ್ ಎಂದು ಒತ್ತಡ ಹೊರಬಂದರೂ ಇದೇ ಅನುಮಾನ.

ಸರಿಯಿರುವ ಕಾರಿನಲ್ಲಿ ಹತ್ತು ಹದಿನೈದು ನಿಮಿಷಕ್ಕೆ ಥರ್ಮೋಸ್ಟಾಟ್ ತೆರೆದು ಮೇಲಿನ ಹೋಸ್ ಬಿಸಿಯಾಗುತ್ತದೆ, ಜೊತೆಜೊತೆಗೆ ಬಿಗಿಯಾಗುತ್ತದೆ. ದಪ್ಪ ಬಟ್ಟೆ ಹಿಡಿದು ಜೋರಾಗಿ ಒತ್ತಿದರೆ ಅಷ್ಟಿಷ್ಟು ಬಗ್ಗಬೇಕು. ಫ್ಯಾನ್ ತಿರುಗುವಷ್ಟು ಬಿಸಿಯಾದ ಮೇಲೂ ಹೋಸ್ ಮೆತ್ತಗೇ ಇದ್ದರೆ ಒತ್ತಡ ಎಲ್ಲೋ ಸೋರಿಹೋಗುತ್ತಿದೆ. ಹೀಗೆ ತಣ್ಣಗಿರುವಾಗ ಗಟ್ಟಿಯಾಗುವ ಹೋಸಿಗೂ ಬಿಸಿಯಾದರೂ ಮೆತ್ತಗಿರುವ ಹೋಸಿಗೂ ಚಿಕಿತ್ಸೆ ಬೇರೆ ಬೇರೆ. ಎರಡಕ್ಕೂ ರೇಡಿಯೇಟರ್ ಬದಲಿಸುವುದೇ ಮದ್ದೆಂದು ಹೇಳುವವರನ್ನು ನಂಬಬೇಡಿ.

ಒತ್ತಡ ಸೋರುತ್ತಿದ್ದರೆ

ಇಲ್ಲಿ ಬೇಕಾದದ್ದು ಪ್ರೆಷರ್ ಟೆಸ್ಟರ್. ರೇಡಿಯೇಟರ್ ಕತ್ತಿಗೆ ಸಿಕ್ಕಿಸುವ, ಮೀಟರ್ ಇರುವ ಕೈಪಂಪು ಅದು. ದೊಡ್ಡ ಗ್ಯಾರೇಜುಗಳಲ್ಲಿ ಇರುತ್ತದೆ, ಹಳೆಯ ಕಾರುಗಳನ್ನು ಪ್ರೀತಿಯಿಂದ ಇಟ್ಟುಕೊಂಡವರು ಒಂದನ್ನು ಕೊಂಡಿಟ್ಟುಕೊಳ್ಳುವುದು ತಕ್ಕ ಖರ್ಚು. ತಣ್ಣನೆಯ ಇಂಜಿನ್ನಿಗೆ ಸಿಕ್ಕಿಸಿ, ಕ್ಯಾಪಿನ ಅಂಕಿಯವರೆಗೆ ಒತ್ತಡ ಏರಿಸಿ, ಹದಿನೈದು ನಿಮಿಷ ಬಿಡಿ. ಅಂಕಿ ದಾಟಿಸಬೇಡಿ. ಮುಳ್ಳು ಕದಲದಿದ್ದರೆ ವ್ಯವಸ್ಥೆ ತಣ್ಣಗಿರುವಾಗ ಬಿಗಿಯಾಗಿದೆ ಎಂದಾಯಿತು. ಆಗ ಅನುಮಾನ ಕ್ಯಾಪಿನ ಮೇಲೆ, ಅದನ್ನೂ ಇದೇ ಟೆಸ್ಟರಿಗೆ ಜೋಡಿಸಿ ನೋಡಬಹುದು: ತನ್ನ ಅಂಕಿಯ ಹತ್ತಿರ ಬಂದು ಬಿಡಬೇಕು, ಅದಕ್ಕಿಂತ ಕೆಳಗೆ ಹಿಡಿದು ನಿಲ್ಲಬೇಕು.

ಮುಳ್ಳು ಇಳಿಯುತ್ತಿದ್ದರೆ ಟಾರ್ಚ್ ಹಿಡಿದು ಹುಡುಕಿ. ಹೋಸುಗಳ ಕ್ಲಾಂಪ್ ಬುಡ, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕೂ ಅಲ್ಯೂಮಿನಿಯಮ್ಮೂ ಸೇರುವ ಅಂಚು, ಥರ್ಮೋಸ್ಟಾಟ್ ಮುಚ್ಚಳದ ಗ್ಯಾಸ್ಕೆಟ್, ಇಂಜಿನ್ ಬ್ಲಾಕಿನ ಪಕ್ಕಕ್ಕೆ ಬಡಿದು ಕೂರಿಸಿರುವ ದುಂಡು ಲೋಹದ ಬಿಲ್ಲೆಗಳು. ವಾಟರ್ ಪಂಪಿನ ಕೆಳಭಾಗದಲ್ಲಿ ಬೇಕೆಂದೇ ಬಿಟ್ಟಿರುವ ಸಣ್ಣ ರಂಧ್ರವೊಂದಿದೆ. ಒಳಗಿನ ಸೀಲ್ ಸವೆದಾಗ ನೀರು ಬೇರಿಂಗಿಗೆ ಹೋಗದೆ ಅದರಿಂದ ಹೊರಬರಲಿ ಎಂದು ಮಾಡಿದ್ದು. ಅಲ್ಲಿಂದ ಹನಿ ಬಿದ್ದರೆ, ಇಲ್ಲವೇ ಒಣಗಿದ ಕೂಲೆಂಟಿನ ಗೆರೆ ಇಳಿದಿದ್ದರೆ, ಪಂಪ್ ಬದಲಿಸಬೇಕು. ಆ ರಂಧ್ರಕ್ಕೆ ಎಂ-ಸೀಲ್ ಮೆತ್ತಿದ ಪಂಪುಗಳನ್ನೂ ಕಂಡಿದ್ದೇನೆ. ಹಾಗೆ ಮಾಡಿದರೆ ನೀರು ನೇರ ಬೇರಿಂಗಿಗೆ ಹೋಗುತ್ತದೆ.

ಹೊರಗೆ ಎಲ್ಲೂ ಹನಿಯಿಲ್ಲದೆ ಮುಳ್ಳು ಇಳಿದರೆ ಕಾರಿನ ಒಳಗೆ ನೋಡಿ. ಡ್ಯಾಶ್‌ಬೋರ್ಡಿನ ಕೆಳಗೆ ಹೀಟರ್ ಇದೆ, ಅದು ಸೋರಿದರೆ ಮುಂದಿನ ಸೀಟಿನ ಕಾಲಡಿಯ ಮ್ಯಾಟ್ ಒದ್ದೆಯಾಗುತ್ತದೆ. ಎಸಿ ನೀರೂ ಅಲ್ಲಿಯೇ ಬೀಳಬಹುದು. ಬೆರಳಿಗೆ ಅಂಟಿಸಿಕೊಂಡು ಉಜ್ಜಿ ನೋಡಿ: ಎಸಿ ನೀರಿಗೆ ವಾಸನೆಯಿಲ್ಲ, ಜಿಗುಟಿಲ್ಲ. ಕೂಲೆಂಟ್ ಜಾರುತ್ತದೆ, ಸಿಹಿ ವಾಸನೆ ಬರುತ್ತದೆ, ಗಾಜಿನ ಒಳಮೈಯಲ್ಲಿ ಎಣ್ಣೆಯಂಥ ಮಬ್ಬು ಕಟ್ಟುತ್ತದೆ. ಅದೂ ಇಲ್ಲವಾದರೆ ನೀರು ಇಂಜಿನ್ನಿನ ಒಳಕ್ಕೇ ಹೋಗುತ್ತಿದೆ.

ಟೆಸ್ಟರ್ ಸಿಗದ ಊರಿನಲ್ಲಿ ಇನ್ನೊಂದು ದಾರಿ ಇದೆ. ಸಂಜೆ ಕಾರು ಓಡಿಸಿ ಬಂದು, ಬಿಸಿಯಿರುವಾಗಲೇ ಕೆಳಗೆ ದೊಡ್ಡ ರಟ್ಟು ಹಾಸಿ ನಿಲ್ಲಿಸಿ. ಬೆಳಿಗ್ಗೆ ಕಲೆ ಎಲ್ಲಿದೆಯೋ ಅದರ ಮೇಲುಗಡೆ ಹುಡುಕಿ. ಕೆಲವು ಸೋರಿಕೆಗಳಲ್ಲಿ ಕೂಲೆಂಟ್ ಬಿಸಿ ಲೋಹದ ಮೇಲೆ ಬಿದ್ದು ಅಲ್ಲೇ ಆರಿಹೋಗುವುದರಿಂದ ರಟ್ಟು ಒಣಗಿಯೇ ಉಳಿಯುತ್ತದೆ. ಅಂಥಲ್ಲಿ ಬಿಳಿ ಅಥವಾ ಹಸಿರು ಹುಡಿ ಕಟ್ಟಿದ ಜಾಗವೇ ಸಾಕ್ಷಿ.

ಅನಿಲ ನುಗ್ಗುತ್ತಿದೆ ಎಂಬ ಅನುಮಾನವಿದ್ದರೆ

ಹೆಡ್ ಬಿಚ್ಚುವುದಕ್ಕೆ ಒಪ್ಪಿಗೆ ಕೊಡುವ ಮೊದಲು ಕನಿಷ್ಠ ಎರಡು ಬೇರೆ ಬೇರೆ ಪರೀಕ್ಷೆಗಳು ಒಂದೇ ಮಾತು ಹೇಳಬೇಕು. ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ.

ಎಲ್ಲಕ್ಕಿಂತ ನಂಬಿಕೆಯದು ರಾಸಾಯನಿಕ ಪರೀಕ್ಷೆ. ರೇಡಿಯೇಟರ್ ಕತ್ತಿನ ಮೇಲೆ ನೀಲಿ ದ್ರವವಿರುವ ಗಾಜಿನ ಕೊಳವೆ ಕೂರಿಸಿ, ಓಡುವ ಇಂಜಿನ್ನಿನ ಮೇಲಿನ ಗಾಳಿಯನ್ನು ಅದರ ಮೂಲಕ ಹೀರುತ್ತಾರೆ. ಇಂಗಾಲದ ಡೈಆಕ್ಸೈಡ್ ತಗುಲಿದರೆ ಪೆಟ್ರೋಲ್ ಕಾರಿನಲ್ಲಿ ನೀಲಿ ಹಳದಿಗೆ ತಿರುಗುತ್ತದೆ. ಕೂಲೆಂಟ್ ಕೊಳವೆಯೊಳಗೆ ಏರದಂತೆ ರೇಡಿಯೇಟರ್ ಮಟ್ಟವನ್ನು ಮೊದಲೇ ಸ್ವಲ್ಪ ಇಳಿಸಿಕೊಳ್ಳಬೇಕು.

ಕಿಟ್ ಇಲ್ಲದಿದ್ದರೆ ಮಾರುತಿ 800ರಲ್ಲಿ ಹಳೆಯ ಮೆಕ್ಯಾನಿಕ್‌ಗಳು ಮಾಡುವ ಒಂದು ಪರೀಕ್ಷೆ ಇದೆ. ಇಂಜಿನ್ ತಣ್ಣಗಿರುವಾಗ ವಾಟರ್ ಪಂಪ್ ತಿರುಗಿಸುವ ಬೆಲ್ಟ್ ಕಳಚಿ, ರೇಡಿಯೇಟರನ್ನು ಕತ್ತಿನವರೆಗೆ ತುಂಬಿ, ಕ್ಯಾಪ್ ಹಾಕದೆ ಶುರು ಮಾಡಿ. ಪಂಪ್ ನಿಂತಿರುವುದರಿಂದ ನೀರು ಕಲಕುವುದಿಲ್ಲ. ಆಗ ಪಂಕ್ಚರ್ ಅಂಗಡಿಯ ತೊಟ್ಟಿಯಲ್ಲಿ ಟ್ಯೂಬ್ ಅದ್ದಿದಾಗ ಬರುವಂತೆ ಗುಳ್ಳೆಗಳ ಸಾಲು ಎದ್ದರೆ, ಆಕ್ಸಿಲರೇಟರ್ ಒತ್ತಿದಾಗ ಆ ಸಾಲು ದಟ್ಟವಾದರೆ, ಗ್ಯಾಸ್ಕೆಟ್ ಹೋಗಿದೆ. ಆರಂಭದಲ್ಲಿ ಬರುವ ಒಂದೆರಡು ಬಿಡಿ ಗುಳ್ಳೆಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಸಿಕ್ಕಿಕೊಂಡಿದ್ದ ಗಾಳಿ ಅದು. ಒಂದು ನಿಮಿಷಕ್ಕಿಂತ ಹೆಚ್ಚು ಹೀಗೆ ಓಡಿಸಬಾರದು. ಟೈಮಿಂಗ್ ಬೆಲ್ಟೇ ಪಂಪನ್ನೂ ತಿರುಗಿಸುವ ಕಾರುಗಳಲ್ಲಿ ಈ ಪರೀಕ್ಷೆಯನ್ನು ಮಾಡಲೇಬೇಡಿ.

ಅನಿಲ ಯಾವ ಸಿಲಿಂಡರಿನಿಂದ ನುಗ್ಗುತ್ತಿದೆ ಎಂದು ತಿಳಿಯುವುದು ಕಾರ್ಬ್ಯುರೇಟರ್ ಕಾರಿನಲ್ಲಿ ಸುಲಭ. ಪ್ರೆಷರ್ ಟೆಸ್ಟರ್ ಸಿಕ್ಕಿಸಿ ಇಂಜಿನ್ ಓಡಿಸಿದಾಗ ಮುಳ್ಳು ನಡುಗುತ್ತಾ ಏರುತ್ತದೆ. ಒತ್ತಡ ಕ್ಯಾಪಿನ ಅಂಕಿಗೆ ಹತ್ತಿರವಾದರೆ ತಕ್ಷಣ ನಿಲ್ಲಿಸಬೇಕು, ಟೆಸ್ಟರಿಗೆ ಕ್ಯಾಪಿನಂತೆ ಬಿಡುವ ಬುದ್ಧಿ ಇರುವುದಿಲ್ಲ. ಇಂಜಿನ್ ನಿಲ್ಲಿಸಿ, ಒಂದು ಪ್ಲಗ್ಗಿನ ವೈರ್ ಕಳಚಿ, ಅದನ್ನು ಬಿಡಿ ಪ್ಲಗ್ಗೊಂದಕ್ಕೆ ಸಿಕ್ಕಿಸಿ ಆ ಪ್ಲಗ್ಗನ್ನು ಇಂಜಿನ್ ಲೋಹಕ್ಕೆ ಭದ್ರವಾಗಿ ತಾಗಿಸಿಟ್ಟು ಮತ್ತೆ ಓಡಿಸಿ. ಯಾವ ವೈರ್ ಕಳಚಿದಾಗ ನಡುಕ ನಿಲ್ಲುತ್ತದೆಯೋ ಅದೇ ಸಿಲಿಂಡರ್. ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಕಾರಿನಲ್ಲಿ ಇದು ಬೇಡ, ಉರಿಯದ ಪೆಟ್ರೋಲ್ ಅದನ್ನು ಹಾಳು ಮಾಡುತ್ತದೆ. ಅಲ್ಲಿ ಪ್ಲಗ್ಗುಗಳನ್ನೇ ಬಿಚ್ಚಿ ಸಾಲಾಗಿ ಇಟ್ಟು ನೋಡಿ. ನೀರು ಹೋಗುತ್ತಿರುವ ಸಿಲಿಂಡರಿನ ಪ್ಲಗ್ ಹಬೆಯಲ್ಲಿ ತೊಳೆದು ಉಳಿದವಕ್ಕಿಂತ ಬೆಳ್ಳಗಿರುತ್ತದೆ.

ಎಣ್ಣೆ ಸುರಿಯುವ ಮುಚ್ಚಳದ ಒಳಗೆ ಕೆನೆಯಂಥ ಪದರ ಕಂಡ ಮಾತ್ರಕ್ಕೆ ಹೆದರಬೇಡಿ. ಹತ್ತಿರದ ಓಡಾಟಕ್ಕಷ್ಟೇ ಬಳಸುವ ಕಾರಿನಲ್ಲಿ, ಮಳೆಗಾಲದಲ್ಲಿ, ತೇವದಿಂದಲೂ ಅದು ಬರುತ್ತದೆ. ಡಿಪ್‌ಸ್ಟಿಕ್ಕಿನ ಎಣ್ಣೆಯೇ ಹಾಲು ಬೆರೆತಂತಾಗಿದ್ದರೆ ಮಾತ್ರ ಕಾರನ್ನು ಅಲ್ಲೇ ನಿಲ್ಲಿಸಿ.

ಗೊಂದಲ ಹುಟ್ಟಿಸುವ ಕೆಲವು ಲಕ್ಷಣಗಳು

ಟ್ರಾಫಿಕ್ಕಿನಲ್ಲಿ ಬಿಸಿಯಾಗಿ ಹೆದ್ದಾರಿಯಲ್ಲಿ ಸರಿಯಾಗುವ ಕಾರಿನಲ್ಲಿ ಮೊದಲು ಫ್ಯಾನ್, ಅದರ ಸ್ವಿಚ್, ಫ್ಯೂಸ್ ನೋಡಿ. ಹೆದ್ದಾರಿಯಲ್ಲಿ ವೇಗವಾಗಿ ಹೋದಾಗಲೇ ಬಿಸಿಯಾಗುವುದಾದರೆ ರೇಡಿಯೇಟರ್ ಒಳಗೆ ಕಟ್ಟಿಕೊಂಡಿದೆ, ಅಥವಾ ಕೆಳಗಿನ ಹೋಸ್ ಪಂಪಿನ ಸೆಳೆತಕ್ಕೆ ಒಳಗೆ ಮಡಚಿಕೊಳ್ಳುತ್ತಿದೆ.

ತಾಪದ ಮುಳ್ಳು ಮೇಲೇರಿ ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೆ ಸಮಾಧಾನ ಪಡಬೇಡಿ. ಸೆನ್ಸರ್ ಇರುವ ಜಾಗದಲ್ಲಿ ನೀರೇ ಉಳಿದಿಲ್ಲದಿರಬಹುದು, ಬರಿಗಾಳಿಯಲ್ಲಿ ಅದು ಸರಿಯಾದ ತಾಪ ಹೇಳಲಾರದು. ತಕ್ಷಣ ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆಫ್ ಮಾಡಿ. ಕುದಿಯುವ ಇಂಜಿನ್ನಿಗೆ ತಣ್ಣೀರು ಸುರಿದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ ಅಥವಾ ಬಿರಿಯುತ್ತದೆ.

ಕೂಲೆಂಟ್ ಬದಲಿಸಿದ ಮರುದಿನವೇ ನೀರು ಉಗುಳಿದರೆ ಒಳಗೆ ಗಾಳಿ ಸಿಕ್ಕಿಕೊಂಡಿರುವುದೇ ಕಾರಣವಿರಬಹುದು. ಕಾರಿನ ಮೂತಿ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ತಣ್ಣಗಿರುವಾಗಲೇ ಕ್ಯಾಪ್ ತೆಗೆದಿಟ್ಟು ಶುರು ಮಾಡಿ, ಥರ್ಮೋಸ್ಟಾಟ್ ತೆರೆಯುವವರೆಗೆ ನಿಧಾನವಾಗಿ ತುಂಬುತ್ತಾ ಬನ್ನಿ. ಥರ್ಮೋಸ್ಟಾಟನ್ನೇ ಕಿತ್ತೆಸೆಯುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಇಂಜಿನ್ ಸದಾ ತಣ್ಣಗೆ ಓಡಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ, ನಿಜವಾದ ದೋಷ ಹಾಗೇ ಉಳಿಯುತ್ತದೆ.

ಹೆಡ್ ಇಳಿಸಲೇಬೇಕಾಗಿ ಬಂದರೆ

ಬರೀ ಗ್ಯಾಸ್ಕೆಟ್ ಬದಲಿಸಿ ಮುಚ್ಚಲು ಬಿಡಬೇಡಿ. ಹೆಡ್ಡಿನ ತಳದ ಮೇಲೆ ನೇರ ಪಟ್ಟಿ ಇಟ್ಟು, ನಡುವಿನ ಸಂದಿಯನ್ನು ತೆಳು ತಗಡುಗಳ ಫೀಲರ್ ಗೇಜಿನಿಂದ ಅಳೆಯಲು ಹೇಳಿ, ನೀವೂ ನಿಂತು ನೋಡಿ. ಈ ಇಂಜಿನ್ನಿನಲ್ಲಿ 0.05 ಮಿಲಿಮೀಟರಿಗಿಂತ ಹೆಚ್ಚು ಡೊಂಕಿದ್ದರೆ ಲೇತ್ ಅಂಗಡಿಯಲ್ಲಿ ಹೆಡ್ ಫೇಸಿಂಗ್ (ತಳವನ್ನು ಸಮತಟ್ಟಾಗಿಸುವ ಕೆಲಸ) ಮಾಡಿಸಬೇಕು. ಅಲ್ಲಿಯೇ ಹೆಡ್ಡಿಗೆ ಒತ್ತಡ ತುಂಬಿ ಬಿರುಕಿದೆಯೇ ಎಂದೂ ಪರೀಕ್ಷೆ ಮಾಡಿಸಿ. ಬ್ಲಾಕಿನ ಮೇಲ್ಮೈಯನ್ನೂ ಅಳೆಯಲಿ. ಬೋಲ್ಟುಗಳನ್ನು ಕೈಪಿಡಿಯ ಕ್ರಮದಲ್ಲಿ, ಬಿಗಿಯ ಅಳತೆ ತೋರಿಸುವ ಟಾರ್ಕ್ ವ್ರೆಂಚಿನಲ್ಲೇ, ಹಂತ ಹಂತವಾಗಿ ಬಿಗಿಯಬೇಕು. ಕ್ಯಾಪ್, ಥರ್ಮೋಸ್ಟಾಟ್ ಮತ್ತು ಹಳೆಯ ಹೋಸುಗಳನ್ನು ಅದೇ ಬಾರಿಗೆ ಬದಲಿಸಿ. ತುಂಬಲು ಡಿಸ್ಟಿಲ್ಡ್ ನೀರು ಮತ್ತು ಕೂಲೆಂಟ್ ಅರ್ಧಕ್ಕರ್ಧ ಇರಲಿ, ಸಿದ್ಧ ಮಿಶ್ರಣ ಕೊಂಡಿದ್ದರೆ ಮತ್ತೆ ನೀರು ಬೆರೆಸಬೇಡಿ.

ಹಣ ಕೊಡುವ ಮೊದಲು ಅಲ್ಲೇ ಪ್ರೆಷರ್ ಟೆಸ್ಟರ್ ಸಿಕ್ಕಿಸಿ ಹದಿನೈದು ನಿಮಿಷ ಮುಳ್ಳು ನಿಲ್ಲುವುದನ್ನು ಕಣ್ಣಾರೆ ನೋಡಿ. ಮನೆಗೆ ಬಂದು ರಿಸರ್ವ್ ಟ್ಯಾಂಕಿನ ಮಟ್ಟಕ್ಕೆ ಮಾರ್ಕರಿನಿಂದ ಒಂದು ಗೆರೆ ಎಳೆಯಿರಿ. ಒಂದು ವಾರ ಪ್ರತಿ ಬೆಳಿಗ್ಗೆ, ಇಂಜಿನ್ ಶುರು ಮಾಡುವ ಮೊದಲು, ಆ ಗೆರೆಯನ್ನೂ ಮೇಲಿನ ಹೋಸಿನ ಮೆತುವನ್ನೂ ನೋಡಿ. ಮೊದಲ ಒಂದೆರಡು ದಿನ ಉಳಿದ ಗಾಳಿ ಹೊರಬಿದ್ದು ಮಟ್ಟ ಸ್ವಲ್ಪ ಇಳಿಯುವುದು ಸಹಜ, ಗೆರೆಯವರೆಗೆ ತುಂಬಿಸಿ. ಆಮೇಲೂ ಇಳಿಯುತ್ತಲೇ ಇದ್ದರೆ ಘಾಟಿ ರಸ್ತೆಗೆ ಕಾರು ತೆಗೆಯದೆ ನೇರ ಅದೇ ಗ್ಯಾರೇಜಿಗೆ ಹೋಗಿ ಮತ್ತೆ ಟೆಸ್ಟರ್ ಹಾಕಿಸಿ.